ಕ್ಲೋರಿನ್‌ಗೆ ಹೆಚ್ಚುವರಿ ಪ್ರಭಾರ

ನಮ್ಮ ರಾಜ್ಯದಲ್ಲಿ ರಜೆ ಕೇಳದೆ, ವರ್ಗಾವಣೆಗೆ ಶಾಸಕರ ಪತ್ರ ತಾರದೆ, ಹಗಲು ರಾತ್ರಿ ದುಡಿಯುವ ನೌಕರ ಒಬ್ಬನೇ: ಕುಡಿಯುವ ನೀರಿನಲ್ಲಿರುವ ಕ್ಲೋರಿನ್. ಕಾಲರಾ, ಟೈಫಾಯ್ಡ್‌ಗಳನ್ನು ಹದ್ದುಬಸ್ತಿನಲ್ಲಿಡುವುದು ಅವನ ಮೂಲ ಹುದ್ದೆ. ನೂರು ವರ್ಷಕ್ಕೂ ಮಿಕ್ಕಿ ಲೋಕದಲ್ಲೆಲ್ಲ ಅದನ್ನು ಚೆನ್ನಾಗಿಯೇ ನಿಭಾಯಿಸಿದ್ದಾನೆ. ಕೆಲಸ ಮಾಡುವವನು ಸಿಕ್ಕರೆ ಬಿಡುತ್ತಾರೆಯೇ? ಒಳಚರಂಡಿ, ಮಾಲಿನ್ಯ ನಿಯಂತ್ರಣ, ನದಿ ಸಂರಕ್ಷಣೆ, ಎಲ್ಲದರ ಪ್ರಭಾರವನ್ನೂ ಅವನ ತಲೆಗೇ ಕಟ್ಟಿದ್ದಾಯಿತು.

ಕಾವೇರಿಯನ್ನೇ ನೋಡಿ. ಶ್ರೀರಂಗಪಟ್ಟಣದಲ್ಲಿ ಭಕ್ತರು ಪಾಪ ತೊಳೆದುಕೊಳ್ಳುವ ಹೊಳೆಗೇ ಊರಿನ ಚರಂಡಿಯೂ ಬಂದು ಸೇರುತ್ತದೆ. ಅದೇ ನೀರು ಶಿವನಸಮುದ್ರದ ಬಳಿ ಬೆಂಗಳೂರಿನ ಪಾಲಾಗಿ, ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಹಾರೋಹಳ್ಳಿ, ತಾತಗುಣಿ ಹತ್ತಿ ಸುಮಾರು 100 ಕಿಲೋಮೀಟರ್ ಬರಬೇಕು. ಕ್ಲೋರಿನ್‌ಗೋ ಕ್ರಿಮಿ, ಕೊಳೆತ ಎಲೆಯ ರಸ ಎಂಬ ಭೇದವಿಲ್ಲ. ಎದುರಾದವರ ಮೇಲೆಲ್ಲ ಎರಗುತ್ತಾನೆ. ಸಾವಯವ ಕೊಳೆಯೊಂದಿಗೆ ಹೀಗೆ ಸೆಣಸಿದಾಗ ಟ್ರೈಹಾಲೋಮೀಥೇನ್‌ಗಳು ಹುಟ್ಟುತ್ತವೆ. ಆ ಗುಂಪಿನಲ್ಲಿ ಹೆಸರುವಾಸಿ ಕ್ಲೋರೋಫಾರ್ಮ್. ರಾಟರ್‌ಡ್ಯಾಮ್ ನಗರದ ನೀರಿನ ರಸಾಯನಜ್ಞ ಯೋಹಾನೆಸ್ ರೋಕ್ 1974ರಲ್ಲೇ ಇದನ್ನು ಬರೆದಿಟ್ಟರು. ಕೊಳೆ ಹೆಚ್ಚಿದಷ್ಟೂ, ನೀರು ಬೆಚ್ಚಗಾದಷ್ಟೂ, ಪೈಪಿನಲ್ಲೂ ಸಂಪಿನಲ್ಲೂ ತಂಗಿದಷ್ಟೂ ಇದು ಹೆಚ್ಚುತ್ತದೆ.

ಇದಕ್ಕೊಂದು ಮಿತಿ ಬೇಡವೇ? ಇದೆಯಲ್ಲ. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರ್ ನೀರಿನಲ್ಲಿ ಉಳಿಕೆ ಕ್ಲೋರಿನ್ 0.2 ಮಿಲಿಗ್ರಾಂಗಿಂತ ಕಡಿಮೆ ಇರಕೂಡದು, ಕ್ಲೋರೋಫಾರ್ಮ್ 0.2 ಮಿಲಿಗ್ರಾಂ ಮೀರಕೂಡದು. ಮೊದಲನೆಯದನ್ನು ನೋಡುವುದು ಸಲೀಸು: ಗಾಜಿನ ನಳಿಕೆಗೆ ನಲ್ಲಿ ನೀರು ಹಿಡಿದು ಕೆಲವು ಹನಿ ದ್ರಾವಣ ಬಿಡಿ, ಹಳದಿಗೆ ತಿರುಗಿದರೆ ಪಾಸು. ಎರಡನೆಯದಕ್ಕೆ ಗ್ಯಾಸ್ ಕ್ರೊಮ್ಯಾಟೋಗ್ರಾಫ್ ಬೇಕು, ಅದನ್ನು ನಡೆಸಬಲ್ಲವರು ಬೇಕು. ಹಳದಿ ಬಂತಲ್ಲ, ಸಹಿ ಹಾಕಿ ಸಾರ್.

ಇಷ್ಟು ಕೇಳಿದ್ದೇ ತಡ, ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪು ‘ಕ್ಲೋರಿನ್ ತೊಲಗಲಿ’ ಎಂದು ಕಿರುಚುತ್ತದೆ. ಆರ್‌ಒ ಇಟ್ಟುಕೊಂಡವರು ಕಿರುಚಬಹುದು; ಉಳಿದವರ ಗತಿ? 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಸತ್ತರು. ಕ್ಲೋರೋಫಾರ್ಮ್ ಇದ್ದರೆ ಎಂದೋ ಕ್ಯಾನ್ಸರ್ ಬಂದೀತೆಂಬ ಶಂಕೆ. ಕ್ಲೋರಿನ್ ಇಲ್ಲದಿದ್ದರೆ ನಾಳೆಯೇ ವಾಂತಿಭೇದಿಯ ಭಯ. ಉಪಉತ್ಪನ್ನಕ್ಕೆ ಹೆದರಿ ಕ್ರಿಮಿನಾಶ ನಿಲ್ಲಿಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ ಹೇಳುತ್ತದೆ.

ಹಳ್ಳಿಗಳಲ್ಲಿ ಆ ತಂಟೆಯೇ ಇಲ್ಲ. ಓವರ್‌ಹೆಡ್ ಟ್ಯಾಂಕಿನ ಮೈಮೇಲೆ ‘ಸ್ವಚ್ಛಗೊಳಿಸಿದ ದಿನಾಂಕ’ ಎಂದು ಬರೆದಿರುತ್ತದೆ. ಮೇಲಧಿಕಾರಿ ಬರುವ ಸುದ್ದಿ ಬಂದರೆ ತೊಳೆಯುವುದು ಆ ದಿನಾಂಕವನ್ನು; ಟ್ಯಾಂಕನ್ನಲ್ಲ. ಕೆಳಗೆ ಪಂಪ್‌ಹೌಸಿನ ಮೂಲೆಯಲ್ಲಿ ಬಾಯಿ ಬಿಚ್ಚಿದ ಬ್ಲೀಚಿಂಗ್ ಪೌಡರ್ ಚೀಲ ಥಂಡಿ ಹೀರಿ, ಕಸುವು ಕಳೆದುಕೊಂಡು, ಗಟ್ಟಿ ಸುಣ್ಣವಾಗಿ ಕೂತಿದೆ. ಉಪಉತ್ಪನ್ನ ಹುಟ್ಟಬೇಕಾದರೆ ಮೊದಲು ಕ್ಲೋರಿನ್ ಇರಬೇಕಲ್ಲ!

ಮದ್ದು ಗುಟ್ಟಿನದೇನಲ್ಲ. ಹೊಳೆಗೆ ಚರಂಡಿ ಬಿಡಬೇಡಿ, ಸಾವಯವ ಕೊಳೆಯನ್ನು ಮೊದಲು ತೆಗೆಯಿರಿ, ಆಮೇಲೆ ಹದವಾಗಿ ಕ್ಲೋರಿನ್ ಹಾಕಿ. ಆದರೆ ಹೊಳೆಗೆ ಬೀಳದೆ ನಿಂತ ಚರಂಡಿಯ ಮುಂದೆ ರಿಬ್ಬನ್ ಕಟ್ಟಿ ಫೋಟೊ ತೆಗೆಸಿಕೊಳ್ಳುವುದು ಹೇಗೆ? ಅದಕ್ಕಿಂತ ಇನ್ನೊಂದು ಕ್ಲೋರಿನ್ ಸಿಲಿಂಡರ್ ತರಿಸುವುದು ಅಗ್ಗ. ಕಡತ ಈಗಾಗಲೇ ಮೇಲೆ ಹೋಗಿದೆಯಂತೆ, ಸಿಲಿಂಡರಿನದು.