ಅರ್ಧ ಕಿಲೋ ಕಮ್ಮಿ

ನಮ್ಮ ತುಬಚಿಯ ಕಡೆ ತೂಕ ಎಂಬುದು ಹಗುರವಾಗಿ ಆಡುವ ಮಾತಲ್ಲ. ಕಬ್ಬಿನ ಸೀಜನ್ ಶುರುವಾಯಿತೆಂದರೆ ಕಟ್ಟೆಯ ಮೇಲಿನ ಹರಟೆಯೆಲ್ಲ ಕಾಟಾದ ಸುತ್ತಲೇ ತಿರುಗುತ್ತದೆ. ಕಡಿದ ಕಬ್ಬು ಒಂದು ದಿನ ಹೆಚ್ಚಿಗೆ ಬಿಸಿಲಲ್ಲಿ ಬಿದ್ದು ಒಣಗಿದರೆ ಮನೆಯ ಯಜಮಾನನೂ ಅದರ ಜೊತೆ ಒಣಗುತ್ತಾನೆ. ಇಂಥ ಊರಲ್ಲಿ ಹುಟ್ಟಿ, ಹದಿನೆಂಟು ಸಾವಿರ ರೂಪಾಯಿ ಎಣಿಸಿ ಕೊಟ್ಟು, ಅರ್ಧ ಕಿಲೋ ತೂಕ ಕಳೆದುಕೊಂಡು ಬಂದವನು ಬಹುಶಃ ನಾನೊಬ್ಬನೇ.

ಕಳೆದದ್ದು ನನ್ನ ಮೈಯಿಂದಲ್ಲ. ಅಲ್ಲಿ 84 ಕಿಲೋ ಹಾಗೇ ಭದ್ರವಾಗಿದೆ. ಕಳೆದದ್ದು ಸೈಕಲ್ಲಿನ ಗಾಲಿಯಿಂದ.

ಸೈಕಲ್ಲಿನ ಕಥೆ ಹೇಳದೆ ಗಾಲಿಯ ಕಥೆ ಉರುಳುವುದಿಲ್ಲ. ಹೊಲದಲ್ಲಿ ಬೆಳೆದ ಸಕ್ಕರೆ ಹೇಗೋ ದಾರಿ ಮಾಡಿಕೊಂಡು ನನ್ನ ರಕ್ತಕ್ಕೂ ಇಳಿಯಿತು. ಡಾಕ್ಟರು ನಡೆಯಿರಿ ಎಂದರು. ನಡೆದರೆ ಪ್ರತಿ ಕಟ್ಟೆಯಲ್ಲೂ ಚಹಾ ಕುಡಿಸುವ ಊರಿದು. ಹೋದ ಸಕ್ಕರೆ ಅಲ್ಲೇ ವಾಪಸ್ಸು. ಸೈಕಲ್ಲಾದರೆ ಕರೆಯುವಷ್ಟರಲ್ಲಿ ದಾಟಿಬಿಡಬಹುದು. ಸಾಲದ್ದಕ್ಕೆ ಬಾಗಲಕೋಟೆ, ವಿಜಯಪುರ ಎಂದರೆ ಸೈಕಲ್ ಪಟುಗಳ ಸೀಮೆ. ಜಾತ್ರೆಗಳಲ್ಲಿ ಸೈಕಲ್ ಶರ್ಯತ್ತು ನಡೆಯುತ್ತದೆ, ವಿಜಯಪುರದಲ್ಲಿ ಸೈಕ್ಲಿಂಗಿಗೆಂದೇ ಕ್ರೀಡಾ ನಿಲಯವಿದೆ. ಬೆಳ್ಳಂಬೆಳಗ್ಗೆ ರಸ್ತೆಯಲ್ಲಿ ಬಿಲ್ಲಿನಂತೆ ಬಾಗಿ ಹಾರುವ ಹುಡುಗರನ್ನು ಕಂಡು, ತೆಳ್ಳನೆ ಗಾಲಿಯ ರೋಡ್ ಬೈಕನ್ನೇ ನಾನೂ ಕೊಂಡೆ. ಬಾಗಲು ಹೋದೆ. ನಡುವೆ ಹೊಟ್ಟೆ ಬಂತು.

ಮನುಷ್ಯ ತನ್ನಿಂದಾಗದ್ದಕ್ಕೆ ಸಾಮಾನಿನಲ್ಲಿ ತಪ್ಪು ಹುಡುಕುತ್ತಾನೆ. ನಾನು ಗಾಲಿಯಲ್ಲಿ ಹುಡುಕಿದೆ. ಸೈಕಲ್ಲಿನ ಜೊತೆ ತವರಿನಿಂದ ಬಂದ ಗಾಲಿಗಳು ಜೋಡಿಗೆ ಎರಡು ಕಿಲೋ, ಒಂದೊಂದಕ್ಕೆ 32 ಸ್ಪೋಕು. ಹೊಸವು ಒಂದೂವರೆ ಕಿಲೋ. ಮುಂದಿನದಕ್ಕೆ 20, ಹಿಂದಿನದಕ್ಕೆ 24 ಸ್ಪೋಕು ಮಾತ್ರ. ಕಳೆದ ಉಗಾದಿಗೆ ತರಿಸಿಯೇಬಿಟ್ಟೆ. ಹೊಸ ಗಾಲಿಯ ಹಬ್ಬು 11 ಗೇರಿನದು, ನನ್ನದು 9 ಗೇರು. ನಡುವೆ 1.85 ಮಿ.ಮೀ. ದಪ್ಪದ ಒಂದು ಬಳೆ ಕೂರಿಸಬೇಕಿತ್ತು. ಅದು ಡಬ್ಬಿಯಿಂದ ಉರುಳಿ ಕಾಟಿನ ಕೆಳಗೆ ಹೋಗಿ, ಹುಡುಕುವಷ್ಟರಲ್ಲಿ ನನಗೆ ಕಳೆದ ವರ್ಷದ ಎರಡು ಪೆನ್ನು, ಒಂದು ಗುಳಿಗೆಯ ಚೀಟಿ ಸಿಕ್ಕವು.

ಅವ್ವ ಹೊಸ ಗಾಲಿಯನ್ನು ಒಂದೇ ಕೈಯಲ್ಲಿ ಎತ್ತಿ ನೋಡಿದಳು. "ತಮ್ಮಾ, ರೊಕ್ಕ ಜಾಸ್ತಿ ಕೊಟ್ಟು ಕಮ್ಮಿ ತೂಕದ್ದು ತಂದಿಯಲ್ಲೋ! ಅಂಗಡಿಯಾಂವ ನಕ್ಕಿರಬೇಕು."

ಜಗತ್ತಿನ ದೊಡ್ಡ ರೇಸುಗಳಲ್ಲಿ ಸೈಕಲ್ಲು 6.8 ಕಿಲೋಗಿಂತ ಹಗುರ ಇರಬಾರದೆಂಬ ನಿಯಮವೇ ಇದೆ ಎಂದೆ. ಹಗುರ ಮಾಡುವ ಹುಚ್ಚು ಅಷ್ಟು ದೂರ ಹೋಗುತ್ತದೆ. "ಮ್ಯಾಲ ಕುಂತಾಂವಗ ಏನ್ ನಿಯಮ ಐತಿ?" ಎಂದು ಕೇಳಿದಳು. ನಾನು ಪಂಪು ಹುಡುಕಲು ಒಳಗೆ ಹೋದೆ.

ಇನ್ನು ಹಳೆಯವನ್ನು ಏನು ಮಾಡುವುದು? ಮಾರುವುದೇ ಜಾಣತನ ಎನಿಸಿ ಜಮಖಂಡಿಯ ಸೈಕಲ್ ಅಂಗಡಿಗೆ ಒಯ್ದೆ. ಅಂಗಡಿಯವರು ಗಾಲಿಯನ್ನು ಗಿರ್ರೆಂದು ತಿರುಗಿಸಿ, ರಿಮ್ಮಿಗೆ ಹೆಬ್ಬೆರಳ ಉಗುರು ತಾಗಿಸಿ ಕಿವಿಗೊಟ್ಟರು. "ಔಟ್ ಇಲ್ಲ, ಚಲೋ ಅದಾವ. ಆದ್ರ ತಗೊಳ್ಳಾವ್ರು ಯಾರ್ರಿ ಸರ? ಇಂಥಾ ಸೈಕಲ್ ಇದ್ದವರಿಗೆ ಇವು ಪುಕಟ ಬಂದಿರ್ತಾವ. ಇಲ್ಲದವರ ಸೈಕಲ್ಲಿಗೆ ಇವು ಕೂಡೂದಿಲ್ಲ."

ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಲಿನ ಕ್ಯಾನು ಹೊರುವ ನಮ್ಮ 28 ಇಂಚಿನ ಸೈಕಲ್ಲಿನ ರಿಮ್ಮು, ಟೈರು ಕೂರುವಲ್ಲಿ 635 ಮಿ.ಮೀ. ನನ್ನದು 622. ಬರೀ 13 ಮಿ.ಮೀ. ಅಂತರ, ಆದರೂ ಮುನಿಸಿಕೊಂಡ ಬೀಗರ ಹಾಗೆ ಜನ್ಮದಲ್ಲಿ ಒಂದಾಗುವುದಿಲ್ಲ. ಬೇರೆ ಊರಿನವರೊಬ್ಬರು ಒಂದೂವರೆ ಸಾವಿರಕ್ಕೆ ಕೇಳಿದರು. ಡಬ್ಬಿ ಕಟ್ಟಿ ಅವರೂರಿಗೆ ಕಳಿಸುವ ಖರ್ಚು ಕಳೆದರೆ ನನಗೆ ಉಳಿಯುವುದು ಒಂದು ಗಿರಮಿಟ್, ಎರಡು ಮಿರ್ಚಿ. ಅದನ್ನೂ ಡಾಕ್ಟರು ಬೇಡ ಎಂದಿದ್ದಾರೆ.

ಅಲ್ಲದೆ ನಮ್ಮ ಮನೆಯಲ್ಲಿ ಗಾಲಿ ಮಾರಿದ ಚರಿತ್ರೆಯೇ ಇಲ್ಲ. ಹಿತ್ತಲ ಬೇವಿನ ಗಿಡಕ್ಕೆ ಒರಗಿದ ಬಂಡಿಯ ಗಾಲಿ ನಾನು ಹುಡುಗನಾಗಿದ್ದಾಗಿನಿಂದ ಅಲ್ಲೇ ಇದೆ. ಎತ್ತು ಹೋದವು, ಬಂಡಿ ಹೋಯಿತು, ಗಾಲಿ ಉಳಿಯಿತು. ಕಬ್ಬಿಣದ ಹಳಿ ತುಕ್ಕು ಹಿಡಿದು, ಗುಂಬದ ತೂತಿನಲ್ಲಿ ಪ್ರತಿ ವರ್ಷ ಒಂದು ಗುಬ್ಬಿ ಸಂಸಾರ ಹೂಡುತ್ತದೆ. ಯಾಕೆ ಇಟ್ಟಿದ್ದೀಯಪ್ಪಾ ಎಂದು ಅಪ್ಪನನ್ನು ಕೇಳಿದ್ದೆ. "ಇರ್ಲಿ" ಎಂದಿದ್ದ. ನಮ್ಮ ಕಡೆ ಅದು ಪೂರ್ಣ ಉತ್ತರ.

ಹಾಗಾಗಿ ಹಳೇ ಗಾಲಿಗಳೂ ಇರಲಿ ಎಂದು ಮಾಳಿಗೆ ಏರಿದವು. ಅವ್ವ ಸಂಡಿಗೆ ಹಾಕುವ ಕಾಲ. ಕಾಗೆಯ ಕಾಟಕ್ಕೆ ಸಂಡಿಗೆಯ ಮೇಲೆ ಹಳೇ ಸೀರೆ ಹೊದಿಸಿ, ಗಾಳಿಗೆ ಹಾರದಂತೆ ಎರಡು ತುದಿಗೆ ಎರಡು ಗಾಲಿ ಹೇರಿದಳು. ಒಂದು ದಿನ ನಾನು ಸೈಕಲ್ ತೊಳೆಯಲು ಗಾಲಿ ಕಳಚಿ ಅಲ್ಲೇ ಇಟ್ಟಿದ್ದೆ. ಅವಳ ಕೈಗೆ ಹೊಸದು ಸಿಕ್ಕಿತು. ಮಧ್ಯಾಹ್ನದ ಬಿರುಗಾಳಿಗೆ ಸೀರೆ ಗಾಲಿಯ ಸಮೇತ ಎದ್ದಿತು. ಕಾಗೆಗಳಿಗೆ ಸಂಡಿಗೆ, ನನಗೆ ಬೈಗಳು. "ಹಳೇದು ಬಾಳ್ವೆ ಮಾಡೂ ಗಾಲಿ" ಎಂದು ಅವ್ವ ಪ್ರಮಾಣಪತ್ರ ಕೊಟ್ಟಳು.

ಮಳೆ ಬಂತು. ನಮ್ಮ ಎರಿ ಮಣ್ಣಿನ ಸ್ವಭಾವ ನಿಮಗೆ ಗೊತ್ತಿರಬಹುದು: ಹಿಡಿದರೆ ಬಿಡದ ನೆಂಟ. ಹೊಲದ ದಾರಿಯಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಟೈರಿಗೆ, ಬ್ರೇಕಿನ ಸಂದಿಗೆ ಕಿಲೋಗಟ್ಟಲೆ ಮಣ್ಣು ಮೆತ್ತಿತು. ನಾನು ಹದಿನೆಂಟು ಸಾವಿರ ಕೊಟ್ಟು ಇಳಿಸಿದ ಅರ್ಧ ಕಿಲೋವನ್ನು ಭೂಮಿತಾಯಿ ಬಡ್ಡಿ ಸಮೇತ ಪುಕಟ ವಾಪಸ್ಸು ಕೊಟ್ಟಳು.

ಆಮೇಲೆ ಬಂದದ್ದು ಕಬ್ಬಿನ ಸೀಜನ್. ಇಲ್ಲಿ ಸ್ವಲ್ಪ ಇತಿಹಾಸ ಹೇಳಬೇಕು. 1989ರಲ್ಲಿ ನಮ್ಮ ರೈತರು ಸರ್ಕಾರದ ದಾರಿ ಕಾಯದೆ, ತಾವೇ ರೊಕ್ಕ ಕೂಡಿಸಿ, ತಾವೇ ದುಡಿದು ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಬ್ಯಾರೇಜು ಕಟ್ಟಿದರು. ಮುಂದಾಳು ಸಿದ್ದು ನ್ಯಾಮಗೌಡರು 'ಬ್ಯಾರೇಜ್ ಸಿದ್ದು' ಎಂದೇ ಹೆಸರಾಗಿ, 1991ರಲ್ಲಿ ರಾಮಕೃಷ್ಣ ಹೆಗಡೆಯವರನ್ನೇ ಸೋಲಿಸಿ ಲೋಕಸಭೆಗೆ ಹೋದರು. ನೀರು ನಿಂತಿತು, ನೀರಿನ ಹಿಂದೆ ಕಬ್ಬು, ಕಬ್ಬಿನ ಹಿಂದೆ ಕಾರ್ಖಾನೆ, ಕಾರ್ಖಾನೆಗೆ ಎರಡೆರಡು ಟ್ರೇಲರ್ ಕಟ್ಟಿಕೊಂಡು ಹಾಡು ಹಚ್ಚಿದ ಟ್ರ್ಯಾಕ್ಟರು, ಟ್ರ್ಯಾಕ್ಟರಿನ ಭಾರಕ್ಕೆ ರಸ್ತೆಯಲ್ಲಿ ತಗ್ಗು, ಆ ತಗ್ಗಿಗೆ ಒಂದು ಮುಂಜಾನೆ ನನ್ನ ಹಿಂದಿನ ಗಾಲಿ. ಟಣ್ ಎಂದಿತು. ಇಷ್ಟು ದೊಡ್ಡ ನೀರಾವರಿ ಕ್ರಾಂತಿಯ ಕೊನೆಯ ಫಲವಾಗಿ ಒಂದು ಸ್ಪೋಕು ಮುರಿಯಿತು.

ಹಳೇ ಗಾಲಿಯಲ್ಲಿ ಒಂದು ಮುರಿದರೆ ಉಳಿದ 31 ಜನ ಭಾರ ಹಂಚಿಕೊಂಡು ಮನೆ ಮುಟ್ಟಿಸುತ್ತಿದ್ದರು. ಇಲ್ಲಿ ಮೊದಲೇ ಚಿಕ್ಕ ಕುಟುಂಬ. ಒಬ್ಬ ಹೋದದ್ದೇ ಗಾಲಿ ಹಾವಿನಂತೆ ಹೊರಳಿ ಬ್ರೇಕಿಗೆ ಉಜ್ಜತೊಡಗಿತು. ಸೈಕಲ್ಲನ್ನು ಹೆಗಲ ಮೇಲೆ ಹೊತ್ತು ನಡೆದೆ. ಹಗುರ ಸೈಕಲ್ಲಿನ ಉಪಯೋಗ ನನಗೆ ಸ್ಪಷ್ಟವಾದದ್ದು ಆವತ್ತೇ. ಎದುರಾದ ಹಿರಿಯರೊಬ್ಬರು ಕೇಳಿದರು, "ಪಂಚರ್ ಏನ್ರಿ ಸರ?"

"ಇಲ್ರಿ ಕಾಕಾ, ಒಂದು ಕಡ್ಡಿ ಮುರಿದೈತಿ."

"ಇಷ್ಟ್ ತುಟ್ಟಿ ಸೈಕಲ್ಲಿಗೆ ನಾಕ್ ಕಡ್ಡಿ ಜಾಸ್ತಿ ಹಾಕಿದ್ರ ಅವರ ಗಂಟೇನ್ ಹೋಗ್ತಿತ್ತ್ರೀ?"

ಆ ಜಾತಿಯ ಸ್ಪೋಕು ಜಮಖಂಡಿಯಲ್ಲಿ ಇಲ್ಲ, ಬೆಂಗಳೂರಿನಿಂದ ಬರಬೇಕು. ಅಲ್ಲೀತನಕ ಎಂದು ಹಳೇ ಗಾಲಿಗಳನ್ನು ಮಾಳಿಗೆಯಿಂದ ಇಳಿಸಿ ಹಾಕಿಕೊಂಡೆ. ಬೆಳ್ಳಂಬೆಳಗ್ಗೆ ಬಾಗಿ ಹಾರುವ ಆ ಹುಡುಗರಲ್ಲೊಬ್ಬ ನೋಡಿ ಮೆಚ್ಚಿದ. "ಸರ, ನಾವೂ ಹಂಗರೀ. ತಯಾರಿಗೆ ಭಾರದ ಗಾಲಿ, ಹಗುರಾದು ಶರ್ಯತ್ತಿನ ದಿನ ಅಷ್ಟ. ನೀವು ಯಾವ ಶರ್ಯತ್ತಿಗೆ ತಯಾರಿ ನಡಿಸೀರಿ?" ಜಾತ್ರೆ ದೂರವಿದೆ ಎಂದು ಹೇಳಿ ತಪ್ಪಿಸಿಕೊಂಡೆ.

ಸ್ಪೋಕು ಬಂದು ನಾಲ್ಕು ತಿಂಗಳಾಯಿತು. ಹೊಸ ಗಾಲಿಗಳು ರಿಪೇರಿಯಾಗಿ ಪಡಸಾಲೆಯ ಗೂಟಕ್ಕೆ ತೂಗುತ್ತಿವೆ. ಬಂದವರು ನೋಡಿ ಹೊಗಳುತ್ತಾರೆ.

ಮೊನ್ನೆ ಅವ್ವ ಮತ್ತೆ ಸಂಡಿಗೆಗೆ ಅಕ್ಕಿ ನೆನೆಹಾಕಿದಳು. "ತಮ್ಮಾ, ಆ ಭಾರದ ಗಾಲಿ ಕೊಡಪಾ."

"ಅವು ಸೈಕಲ್ಲಿಗೆ ಅದಾವಬೇ."

ಅವ್ವ ಗೂಟದ ಕಡೆ ಒಮ್ಮೆ ನೋಡಿದಳು.

"ಹಂಗಾರ ಅವನ್ನ ಮಾರಿ, ಎರಡು ಕಲ್ಲರ ತಂದಿಡು."