ಶ್ವಾನವತ್ಸಲರು

ಪ್ರತಿಯೊಂದು ಊರಿನಲ್ಲಿಯೂ ಒಬ್ಬರಾದರೂ ಇರುವ, ಇಲ್ಲದಿದ್ದಲ್ಲಿ ಬರುವ ಬೇಸಗೆಯೊಳಗಾಗಿ ಬೆಂಗಳೂರಿನಿಂದ ಬಂದು ನೆಲಸುವ ಒಂದು ವರ್ಗದ ಸಜ್ಜನರಿದ್ದಾರೆ. ಅವರನ್ನು ಶ್ವಾನವತ್ಸಲರೆಂದು ಕರೆಯೋಣ. ನಾಯಿ ಸಾಕಿದವರೆಲ್ಲರೂ ಶ್ವಾನವತ್ಸಲರಲ್ಲ. ಹಾಗಾಗುವುದಾದರೆ ನಮ್ಮ ರಾಯಚೂರು ಸೀಮೆಯ ಕುರಿಗಾರರೆಲ್ಲರಿಗೂ ಆ ಬಿರುದು ಸಲ್ಲಬೇಕಾಗುತ್ತಿತ್ತು. ಆದರೆ ಕುರಿಗಾರನ ನಾಯಿ ಇರುಳೆಲ್ಲ ಹಟ್ಟಿಯ ಸುತ್ತ ತಿರುಗಿ, ತೋಳನನ್ನು ದೂರವಿಟ್ಟು, ಬೆಳಗಾದ ಮೇಲೆ ತನ್ನ ಪಾಲಿನ ರೊಟ್ಟಿಯನ್ನು ತಿಂದು ಮಂದೆಯ ಹಿಂದೆ ಹೊರಡುತ್ತದೆಯೇ ಹೊರತು, ಯಾರ ಊಟದ ಪಂಕ್ತಿಯಲ್ಲಿಯೂ ತನಗೆ ಆಸನ ಬೇಕೆಂದು ಬಯಸುವುದಿಲ್ಲ, ಅದರ ಯಜಮಾನನೂ ಬಯಸುವುದಿಲ್ಲ. ತಾವು ಯಾವ ಯಾವ ಬಾಗಿಲನ್ನು ದಾಟಲು ಅರ್ಹರೋ ಆ ಬಾಗಿಲುಗಳನ್ನೆಲ್ಲ ದಾಟಲು ತಮ್ಮ ನಾಯಿಯೂ ಅರ್ಹವೆಂದು ದೃಢವಾಗಿ ನಂಬಿ, ಆ ನಂಬಿಕೆಯನ್ನು ಪರರ ತಟ್ಟೆಯ ಪಕ್ಕದಲ್ಲಿ ಕುಳ್ಳಿರಿಸಿ ತೋರಿಸುವುದೇ ಶ್ವಾನವತ್ಸಲರ ನಿಜವಾದ ಲಕ್ಷಣ.

ನಮ್ಮೂರು ಗುಂಜಹಳ್ಳಿಗೆ ಈ ಭಾಗ್ಯ ಪ್ರಾಪ್ತವಾದ ಬಗೆ ಸರಳವಾದುದು. ಮಹನೀಯರು ಸರಕಾರಿ ನೌಕರಿಯಿಂದ ನಿವೃತ್ತರಾದರು. ಮಗ ಅಮೆರಿಕೆಗೆ ಹೋದ. ಮಗನ ನಾಯಿ ಗುಂಜಹಳ್ಳಿಗೆ ಬಂತು. ಅದರ ಹೆಸರು ಬ್ರೂನೋ, ಕುಲ ಲ್ಯಾಬ್ರಡಾರ್. ನ್ಯೂಫೌಂಡ್‌ಲೆಂಡಿನ ಹಿಮಶೀತಲವಾದ ಕಡಲಿನಲ್ಲಿ ಮೀನುಗಾರರ ಬಲೆಗಳನ್ನು ಎಳೆದು ತರುತ್ತಿದ್ದ ನಾಯಿಗಳ ವಂಶದಲ್ಲಿ ಹುಟ್ಟಿ, ಆ ಚಳಿಗೆಂದೇ ಎರಡು ಪದರದ ದಟ್ಟವಾದ ಕೂದಲನ್ನು ಪಡೆದ ಆ ಪ್ರಾಣಿ, ಬೇಸಗೆಯಲ್ಲಿ ನಲವತ್ತು ಡಿಗ್ರಿಯನ್ನು ಲೀಲಾಜಾಲವಾಗಿ ದಾಟುವ ನಮ್ಮ ಸೀಮೆಗೆ ಬಂದು, ಮೈ ಬೆವರುವ ಸೌಲಭ್ಯವನ್ನು ಸೃಷ್ಟಿಕರ್ತನು ತನ್ನ ಜಾತಿಗೆ ಕರುಣಿಸಿಲ್ಲವಾದ ಕಾರಣ, ನಾಲಗೆಯನ್ನು ಒಂದು ಗೇಣು ಹೊರಚಾಚಿ ಹಗಲಿಡೀ ಏದುತ್ತಿತ್ತು. ಅದರ ಈ ಅವಸ್ಥೆಯನ್ನು ಶ್ವಾನವತ್ಸಲರು ಜನಸಂಪರ್ಕದ ಹಂಬಲವೆಂದು ಅರ್ಥೈಸಿದರು. "ಬ್ರೂನೋಗೆ ಮನೆಯಲ್ಲಿ ಬೇಜಾರು, ಅವನಿಗೆ ಸೊಸೈಟಿ ಬೇಕು" ಎಂದು ನಿರ್ಣಯಿಸಿ, ಒಂದು ಬೆಳಗ್ಗೆ ಅದನ್ನು ಊರಿನ ಹೋಟೆಲಿಗೆ ಕರೆತಂದರು.

ಆ ಹೋಟೆಲನ್ನು ತಾವು ನೋಡಿರಲಾರಿರಿ, ಆದರೆ ಅಂಥದನ್ನು ಕಂಡಿರುತ್ತೀರಿ. ಮೇಲೆ ತಗಡು, ಕೆಳಗೆ ನಮ್ಮ ಕಡೆಯ ಕಲ್ಲುಚಪ್ಪಡಿ, ಮುಂದೆ ಮಿರ್ಚಿ ಕರಿಯುವ ಬಾಣಲೆ, ಒಳಗೆ ನಾಲ್ಕು ಬೆಂಚು, ಗೋಡೆಯ ಮೇಲೆ ಬಸವಣ್ಣನವರ ಪಟದ ಕೆಳಗೆ "ಉದ್ರಿ ಇಲ್ಲ" ಎಂಬ ಬರಹ. ಹೊಸ್ತಿಲ ಹೊರಗೆ ಕರಿಯನೆಂಬ ಬೀದಿನಾಯಿ. ಈ ಕರಿಯನ ಶಿಷ್ಟಾಚಾರವನ್ನು ನಾನು ಬಹುಕಾಲದಿಂದ ಗಮನಿಸುತ್ತ ಬಂದಿದ್ದೇನೆ: ಗದ್ದವನ್ನು ಹೊಸ್ತಿಲ ಮೇಲಿಡುತ್ತಾನೆ, ಮುಂಗಾಲುಗಳನ್ನು ಹೊಸ್ತಿಲಿಗೆ ತಗುಲಿಸುತ್ತಾನೆ, ಉಳಿದ ಶರೀರವನ್ನೆಲ್ಲ ಸಾರ್ವಜನಿಕ ರಸ್ತೆಯಲ್ಲಿರಿಸುತ್ತಾನೆ, ಯಾರಾದರೂ ಮಿರ್ಚಿಯ ತುದಿಯನ್ನು ಒಳಗಡೆಯೇ ಬೀಳಿಸಿದರೆ, ಕುತ್ತಿಗೆ ಎಟುಕುವಷ್ಟು ದೂರದಲ್ಲಿದ್ದರೆ ತೆಗೆದುಕೊಳ್ಳುತ್ತಾನೆ, ಇಲ್ಲವಾದರೆ ಕಣ್ಣಿನಿಂದ ಅರ್ಜಿ ಸಲ್ಲಿಸುತ್ತಾನೆ. ಒಳಗೂ ಅಲ್ಲದ ಹೊರಗೂ ಅಲ್ಲದ ಈ ಸ್ಥಾನವನ್ನು ಅವನಿಗೆ ಯಾರೂ ಕೊಟ್ಟುದಲ್ಲ. ಅನೇಕ ಒದೆಗಳ ಮತ್ತು ಅನೇಕ ರೊಟ್ಟಿಗಳ ಅನುಭವದಿಂದ ಅವನೇ ಕಂಡುಕೊಂಡುದು.

ಬ್ರೂನೋ ಆ ಹೊಸ್ತಿಲನ್ನು ಕರಿಯನ ಮೇಲಿನಿಂದಲೇ ದಾಟಿ ಒಳಬಂತು. ಸಂತೋಷದಿಂದ ಬಾಲವನ್ನು ಬೀಸಿತು. ಬೀಸಿದ ಬಾಲದ ಎತ್ತರವೂ ಬೆಂಚಿನ ಎತ್ತರವೂ ಒಂದೇ ಆಗಿದ್ದುದರಿಂದ ಎರಡು ಚಹದ ಲೋಟಗಳು ನೆಲಕ್ಕೆ ಬಂದವು. ನಾಯಿ ಕಚ್ಚಿತೆಂದರೆ ಹೊಕ್ಕುಳ ಸುತ್ತ 14 ಸೂಜಿ ಚುಚ್ಚಿಸಿಕೊಳ್ಳಬೇಕಾಗಿದ್ದ ಕಾಲದಲ್ಲಿ ಬೆಳೆದ ಹಿರಿಯರು, ಹೇಳದೆಯೇ, ಏಕಕಾಲದಲ್ಲಿ ಕಾಲುಗಳನ್ನು ಬೆಂಚಿನ ಮೇಲೆ ಮಡಚಿಟ್ಟುಕೊಂಡರು. ಶ್ವಾನವತ್ಸಲರು ನಸುನಕ್ಕು, ಅಂಗಿಯ ಜೇಬಿನಿಂದ ಒಂದು ಪುಸ್ತಿಕೆಯನ್ನು ತೆಗೆದು, ಬ್ರೂನೋಗೆ ರೇಬಿಸ್ ಲಸಿಕೆ ಹಾಕಿಸಿದ ದಿನಾಂಕಗಳನ್ನು ಸಭೆಗೆ ಓದಿ ಹೇಳಿ, "ನಿಮ್ಮಲ್ಲಿ ಎಷ್ಟು ಜನ ಧನುರ್ವಾತದ ಇಂಜೆಕ್ಷನ್ ತಗೊಂಡಿದ್ದೀರಿ?" ಎಂದು ಕೇಳಿದರು. ಯಾರೂ ಉತ್ತರಿಸಲಿಲ್ಲವಾಗಿ, ವಾದದಲ್ಲಿ ತಾವೇ ಗೆದ್ದುದಾಗಿ ಭಾವಿಸಿ, ಎರಡು ಪ್ಲೇಟು ಒಗ್ಗರಣೆ ಹೇಳಿದರು. ಒಂದರಲ್ಲಿ ಉಳ್ಳಾಗಡ್ಡಿ ಇರಕೂಡದೆಂದೂ, ಉಳ್ಳಾಗಡ್ಡಿ ನಾಯಿಯ ರಕ್ತಕಣಗಳನ್ನು ಕೆಡಿಸುವ ವಿಷವೆಂದೂ ವಿವರಿಸಿದರು. ಈ ಮಾತು ಶಾಸ್ತ್ರಸಮ್ಮತವೇ ಆಗಿದೆ. ಚಾಕಲೇಟು ದ್ರಾಕ್ಷಿಗಳಂತೆ ಉಳ್ಳಾಗಡ್ಡಿಯೂ ಆ ಜಾತಿಗೆ ನಿಷಿದ್ಧ. ಹೋಟೆಲಿನ ಅಜ್ಜ ಬಾಣಲೆಯಿಂದ ತಲೆ ಎತ್ತದೆ, "ಶ್ರಾವಣದಾಗ ಸ್ವಾಮಿಗೋಳಿಗೆ ಅಂತ ಉಳ್ಳಾಗಡ್ಡಿ ಇಲ್ಲದ್ದು ಮಾಡ್ತೀವ್ರಿ. ಅದನ್ನs ಕೊಡ್ಲೇನ್ರಿ?" ಎಂದ.

ಅಷ್ಟರಲ್ಲಿ ಬ್ರೂನೋ ಪಕ್ಕದವರ ತಟ್ಟೆಯ ಇಡಿಯ ಮಿರ್ಚಿಯೊಂದನ್ನು ನುಂಗಿತ್ತು. ತದನಂತರದ ಮೂರು ನಿಮಿಷಗಳನ್ನು ನಾನು ವರ್ಣಿಸುವುದಿಲ್ಲ. ಕೈತೊಳೆಯುವ ಡ್ರಮ್ಮಿನ ನೀರನ್ನು ಅಂದು ಪೂರ್ತಿಯಾಗಿ ಚೆಲ್ಲಿ ಮತ್ತೆ ತುಂಬಿಸಬೇಕಾಯಿತೆಂದರೆ ಸಾಕು.

ಹೋಟೆಲಿನ ಅಜ್ಜ ಬಹಳ ಮರ್ಯಾದೆಯಿಂದ "ನಾಯಿನ ಹೊರಗ ಕಟ್ಟ್ರಿ ಸಾಹೇಬ್ರ" ಎಂದುದೇ ತಡ, ಶ್ವಾನವತ್ಸಲರು ಎದ್ದುನಿಂತು ಮಹಾಭಾರತಕ್ಕೆ ಕೈಹಾಕಿದರು. ಇದು ಈ ವರ್ಗದವರ ಎರಡನೆಯ ಲಕ್ಷಣ: ಅವರಿಗೆ ಪುರಾಣಜ್ಞಾನ ಅಪಾರವಾಗಿದ್ದು, ಅದೆಲ್ಲವೂ ನಾಲ್ಕು ಕಾಲಿನದಾಗಿರುತ್ತದೆ. ಕುರುಕ್ಷೇತ್ರದಲ್ಲಿ ಜನಮೇಜಯನು ಸತ್ರವನ್ನು ನಡೆಸುತ್ತಿದ್ದಾಗ ದೇವಲೋಕದ ಸರಮೆಯ ಮರಿಯು ಯಜ್ಞಶಾಲೆಗೆ ಬಂದುದು, ಹವಿಸ್ಸನ್ನು ನೆಕ್ಕದೆ, ಕಣ್ಣೆತ್ತಿಯೂ ನೋಡದೆ ಇದ್ದರೂ ರಾಜನ ತಮ್ಮಂದಿರು ಅದನ್ನು ಹೊಡೆದಟ್ಟಿದುದು, ಸರಮೆ ಬಂದು ಕಾರಣ ಕೇಳಿದಾಗ ಅವರು ನಿರುತ್ತರರಾದುದು, ನಿನಗೆ ಕಾಣದ ಕಡೆಯಿಂದ ಭಯ ಬರಲೆಂದು ಅವಳು ಶಪಿಸಿದುದು, ಇವನ್ನೆಲ್ಲ ನಿರೂಪಿಸಿ, ಅಂದರೆ ಆ ಮಹಾಗ್ರಂಥ ಆರಂಭವಾಗುವುದೇ ನಾಯಿಯೊಂದಕ್ಕೆ ಸಾರ್ವಜನಿಕ ಸ್ಥಳದಲ್ಲಿ ಪ್ರವೇಶ ನಿರಾಕರಿಸಿದ ಪಾಪದಿಂದ ಎಂದು ಅಜ್ಜನನ್ನು ದುರುಗುಟ್ಟಿ ನೋಡಿದರು. ಮುಗಿಯುವುದೂ ನಾಯಿಯಿಂದಲೇ: ನಾಯಿ ಸಾಕಿದವರಿಗೆ ಸ್ವರ್ಗದಲ್ಲಿ ಎಡೆಯಿಲ್ಲವೆಂದು ದೇವೇಂದ್ರನೇ ಹೇಳಿದರೂ ಧರ್ಮರಾಯನು ತನ್ನನ್ನು ನಂಬಿ ಬಂದ ನಾಯಿಯನ್ನು ಬಿಡಲಿಲ್ಲ. ಅಲ್ಲಿಗೂ ನಿಲ್ಲದೆ, ನಮ್ಮ ಕೃಷ್ಣೆಯ ನಡುಗಡ್ಡೆಯ ಕುರುವಪುರದವರು ಆರಾಧಿಸುವ ದತ್ತಾತ್ರೇಯನ ಕಾಲಬಳಿಯ ನಾಲ್ಕು ನಾಯಿಗಳು ನಾಲ್ಕು ವೇದಗಳೆಂದೂ, ಮೈಲಾರಲಿಂಗನ ಗೊರವರು ನಾಯಿಗಳಂತೆ ಬೊಗಳಿ ದೋಣಿಯಲ್ಲಿ ಉಣ್ಣುವುದು ಭಕ್ತಿಯ ಪರಾಕಾಷ್ಠೆಯೆಂದೂ ಸಾರಿದರು.

ದೊಡ್ಡಾಟದಲ್ಲಿ ಹರೆಯದ ದಿನಗಳನ್ನೆಲ್ಲ ಕಳೆದ ಅಜ್ಜ, ಮಿರ್ಚಿಗಳನ್ನು ಒಂದೊಂದಾಗಿ ಮಗುಚುತ್ತ ಎಲ್ಲವನ್ನೂ ಕೇಳಿ, "ಖರೇ ಐತ್ರಿ. ಧರ್ಮರಾಯ ನಾಯಿ ಬಿಟ್ಟು ಒಳಗ ಹೋಗಲಿಲ್ಲ. ಹೊರಗs ನಿಂತ. ನೀವೂ ಬೇವಿನಗಿಡದ ಬುಡಕ ಕುಂದ್ರ್ರಿ, ಚಾ ಅಲ್ಲಿಗೇ ಕಳಸ್ತೀನಿ" ಎಂದ. ವ್ಯಾಸಭಾರತದ ಆ ಪ್ರಸಂಗಕ್ಕೆ ಇಷ್ಟು ಸಂಕ್ಷಿಪ್ತವೂ ಸಮರ್ಪಕವೂ ಆದ ವ್ಯಾಖ್ಯಾನವನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ನಾಯಿಗಾಗಿ ತಾನು ಹೊರಗುಳಿಯಲು ಸಿದ್ಧನಾದವನನ್ನು ನಾಯಿಯೊಡನೆ ಒಳನುಗ್ಗುವವರು ತಮ್ಮ ಪಕ್ಷದ ವಕೀಲನನ್ನಾಗಿ ನೇಮಿಸಿಕೊಳ್ಳುವುದು ನಮ್ಮ ಕಾಲದ ವೈಚಿತ್ರ್ಯಗಳಲ್ಲೊಂದು.

ಪುರಾಣ ಸೋತಲ್ಲಿ ಇತಿಹಾಸ ಬಂತು. ಮದ್ದೂರಿನ ಕಡೆಯ ಆತಕೂರಿನಲ್ಲಿ ಸುಮಾರು 950ರ ಹೊತ್ತಿಗೆ ಗಂಗ ಬೂತುಗನು ತನ್ನ ವೀರ ಮಣಲೇರನಿಗೆ ಕಾಳಿ ಎಂಬ ನಾಯಿಯನ್ನು ಕೊಟ್ಟುದು, ಅದು ಕಾಡುಹಂದಿಯೊಡನೆ ಹೋರಾಡಿ ಎರಡೂ ಮಡಿದುದು, ಅದರ ನೆನಪಿಗೆ ಕಲ್ಲು ನಿಲ್ಲಿಸಿ ಭೂಮಿ ಬಿಟ್ಟು, ಆ ಕಲ್ಲನ್ನು ಪೂಜಿಸದೆ ಗೊರವನು ಉಣ್ಣಕೂಡದೆಂದು ವಿಧಿಸಿದುದು, ಇವು ಕಲ್ಲಿನ ಮೇಲಿನ ಮಾತುಗಳು, ಅವನ್ನು ಅಲ್ಲಗಳೆಯುವಂತಿಲ್ಲ. ಆದರೆ ಅಂದು ಕಾಳಿ ಕೊಂದದ್ದು ಹಂದಿಯನ್ನು, ಬ್ರೂನೋ ಕೊಂದದ್ದು ಎರಡು ಲೋಟಗಳನ್ನು ಎಂಬ ವ್ಯತ್ಯಾಸವನ್ನು ಯಾರೋ ಹುಡುಗರು ಎತ್ತಿ ತೋರಿಸಿದರು.

ಕೊನೆಗೆ ಸಂವಿಧಾನ. ಒಂದು ಸಂಜೆ ಶ್ವಾನವತ್ಸಲರು ಕನ್ನಡಕವನ್ನು ಸರಿಪಡಿಸಿಕೊಂಡು, 15ನೆಯ ಅನುಚ್ಛೇದದ ಎರಡನೆಯ ಖಂಡವು ಅಂಗಡಿ, ಹೋಟೆಲು, ಸಾರ್ವಜನಿಕ ಉಪಾಹಾರಗೃಹ ಮತ್ತು ಮನರಂಜನೆಯ ಸ್ಥಳಗಳಿಗೆ ಹುಟ್ಟಿನ ಕಾರಣದಿಂದ ಯಾರ ಪ್ರವೇಶವನ್ನೂ ತಡೆಯಕೂಡದೆಂದು ಹೇಳುತ್ತದೆಂದೂ, ಬ್ರೂನೋ ನಾಯಿಯಾಗಿ ಹುಟ್ಟಿದುದು ಅದರ ಅಪರಾಧವಲ್ಲವೆಂದೂ ಗಂಭೀರವಾಗಿ ವಾದಿಸಿದರು. ಆ ಖಂಡದಲ್ಲಿ ಪ್ರಜೆ ಎಂಬ ಮಾತಿರುವುದನ್ನು ಯಾರಾದರೂ ಜ್ಞಾಪಿಸುವ ಮೊದಲೇ, ಮೂಲೆಯ ಬೆಂಚಿನ ಮೇಲೆ ಕುಳಿತು ಚಹ ಕುಡಿಯುತ್ತಿದ್ದ, ಊರ ಕೇರಿಯ ಹಿರಿಯರೊಬ್ಬರು ಲೋಟವನ್ನು ಕೆಳಗಿಟ್ಟು ಹೇಳಿದರು: "ಸಾಹೇಬ್ರ, ನಮ್ಮಪ್ಪನ ಕಾಲದಾಗ ಹಿಂತಾ ಹೋಟ್ಲದ ಒಳಗ ನಾಯಿ ಮಕ್ಕೋತಿತ್ತು, ನಮ್ಮಪ್ಪ ಹೊರಗ ನಿಂತು ತೆಂಗಿನ ಚಿಪ್ಪಿನಾಗ ಚಾ ಕುಡೀತಿದ್ದ. ಆ ಕಲಮು ಬರದಿದ್ದು ನಮ್ಮಪ್ಪನ ಸಲುವಾಗಿ. ನಾಯಿ ಯಾವಾಗ ಹೊರಗಿತ್ರೀ?" ಅಂದು ಸಂಜೆ ಯಾರೂ ಎರಡನೆಯ ಚಹ ಹೇಳಲಿಲ್ಲ. ಶ್ವಾನವತ್ಸಲರು ದುಷ್ಟರಲ್ಲ, ಬ್ರೂನೋವನ್ನು ಎಬ್ಬಿಸಿಕೊಂಡು, ಬೇಗನೆ, ಯಾರ ಮುಖವನ್ನೂ ನೋಡದೆ ಹೊರಟರು. ಆ ಅನುಚ್ಛೇದದ ಪ್ರಸ್ತಾಪ ಮತ್ತೆ ಅವರ ಬಾಯಿಂದ ಬಂದುದನ್ನು ನಾನು ಕೇಳಿಲ್ಲ.

ನಾನು ನಾಯಿಗಳ ವೈರಿಯೆಂದು ಯಾರೂ ತಿಳಿಯಬಾರದು. ಅಂಧರನ್ನು ಕೈಹಿಡಿದು ನಡೆಸುವ ನಾಯಿಗಳನ್ನು ಅಮೆರಿಕೆಯಲ್ಲಿ 1929ರಿಂದ ಒಂದು ಸಂಸ್ಥೆಯೇ ತರಬೇತುಗೊಳಿಸುತ್ತಿದೆ. ಅಂಥ ನಾಯಿ ಯಜಮಾನನ ಮೇಜಿನ ಕೆಳಗೆ, ಇದ್ದುದೇ ತಿಳಿಯದಂತೆ ಮಲಗಿರುತ್ತದೆ, ಅದಕ್ಕೆ ಬಾಗಿಲು ತೆರೆಯದವನು ಹೋಟೆಲನ್ನೇ ತೆರೆಯಬಾರದು. ಪ್ಯಾರಿಸ್ಸಿನ ಕೆಫೆಗಳಲ್ಲಿ ನಾಯಿಗಳು ಕುರ್ಚಿಯ ಕೆಳಗೆ ಕುಳಿತಿರುತ್ತವೆಂದೂ ಬಲ್ಲೆ. ಆದರೆ ಶ್ವಾನವತ್ಸಲರ ಹೋರಾಟದಲ್ಲಿ ನಾಯಿಯ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ. ರಾಯಚೂರಿನ ಹೊಸ ತಣ್ಣನೆಯ ಕಾಫಿ ಅಂಗಡಿಯೊಂದಕ್ಕೆ ಅವರು ಬ್ರೂನೋವನ್ನು ಒಯ್ದಾಗ ನಾನೂ ಜೊತೆಯಲ್ಲಿದ್ದೆ. ಯಂತ್ರದ ಗಾಳಿ ತಗುಲಿದೊಡನೆ ಆ ಪ್ರಾಣಿ ಆನಂದದಿಂದ ಹೊಟ್ಟೆಯನ್ನು ನೆಲಕ್ಕಂಟಿಸಿ ಮಲಗಿತು, ನಿಜ. ಆದರೆ ಕಾಫಿಯ ಯಂತ್ರ ಬುಸ್ಸೆಂದಾಗಲೆಲ್ಲ ಬೆಚ್ಚಿಬಿದ್ದು ಎದ್ದಿತು, ಪಕ್ಕದ ಮಗು ಕಿವಿ ಎಳೆದಾಗ ಮೋರೆಯನ್ನು ಗೋಡೆಗೆ ತಿರುಗಿಸಿತು, ತನ್ನ ಕೊರಳ ಹಗ್ಗ ಯಾರ ಕುರ್ಚಿಯ ಕಾಲಿಗೆ ಸುತ್ತಿಕೊಂಡಿದೆ ಎಂಬುದನ್ನು ಅರಿಯದೆ ತಬ್ಬಿಬ್ಬಾಯಿತು. ಅಷ್ಟರಲ್ಲಿ ಅದರ ಯಜಮಾನರು ಪಕ್ಕದ ಮೇಜಿನವರಿಗೆ ಅದರ ವಂಶಾವಳಿಯನ್ನೂ, ಮಗನ ಸಂಬಳವನ್ನೂ ಹೇಳಿ ಮುಗಿಸಿದ್ದರು. ಗುಂಜಹಳ್ಳಿಯಲ್ಲಿ ಮಗನ ವಿಚಾರವನ್ನು ಕೇಳುವವರು ಮುಗಿದುಹೋಗಿದ್ದರು; ನಾಯಿ ಜೊತೆಗಿದ್ದರೆ ಅಪರಿಚಿತರು ತಾವಾಗಿಯೇ ಮಾತನಾಡಿಸುತ್ತಾರೆ. ಸೊಸೈಟಿ ಬೇಕಾಗಿದ್ದುದು ಯಾರಿಗೆಂಬುದು ನನಗೆ ಅಂದು ಹೊಳೆಯಿತು.

ಈ ವ್ಯವಹಾರದಲ್ಲಿ ನಿಜವಾಗಿ ಲಾಭ ಪಡೆದವರೆಂದರೆ ಶ್ವಾನವತ್ಸಲರ ಮನೆಯ ಅಮ್ಮನವರು. ರೈಲಿನಲ್ಲಿ ನಾಯಿ ಯಜಮಾನನೊಡನೆ ಪ್ರಯಾಣ ಮಾಡಬೇಕಾದರೆ ಮೊದಲ ದರ್ಜೆಯಲ್ಲಿ ಇಬ್ಬರ ಅಥವಾ ನಾಲ್ವರ ಕೋಣೆಯನ್ನು ಪೂರ್ತಿಯಾಗಿ ಹಿಡಿಯಬೇಕು, ಇಲ್ಲವೆಂದರೆ ಅದು ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಹೋಗಬೇಕು. ಮದುವೆಯಾದಂದಿನಿಂದ ಸ್ಲೀಪರಿನ ನಡುವಿನ ಬರ್ತಿನಲ್ಲಿ ಬೆನ್ನು ಬಾಗಿಸಿಕೊಂಡು ಬೆಂಗಳೂರಿಗೆ ಹೋಗಿಬರುತ್ತಿದ್ದ ಆ ತಾಯಿ, ಬ್ರೂನೋವಿನ ಪುಣ್ಯದಿಂದ ಮೊದಲ ಬಾರಿಗೆ ಮೊದಲ ದರ್ಜೆಯನ್ನು ಕಂಡರು. "ನಾನು ಕೇಳಿದಾಗ ರೊಕ್ಕ ಇರಲಿಲ್ರಿ ಇವರ ಹಂತೇಕ" ಎಂದು ನಮ್ಮ ಮನೆಯವಳ ಬಳಿ ನಗುತ್ತಲೇ ಹೇಳಿದರಂತೆ.

2025ರ ನವೆಂಬರಿನಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ಬೀದಿನಾಯಿಗಳನ್ನು ತೆರವುಗೊಳಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಆಜ್ಞಾಪಿಸಿದ ಸುದ್ದಿಯನ್ನು ಶ್ವಾನವತ್ಸಲರೇ ಹೋಟೆಲಿನೆದುರು ಗಟ್ಟಿಯಾಗಿ ಓದಿ, ಇದು ಬ್ರೂನೋಗೆ ಅನ್ವಯಿಸುವುದಿಲ್ಲವೆಂದು ಮೂರು ಸಲ ಸ್ಪಷ್ಟಪಡಿಸಿದರು. ಕರಿಯನ ಗತಿಯನ್ನು ಕುರಿತು ಅವರು ಏನೂ ಹೇಳಲಿಲ್ಲ. ವಾತ್ಸಲ್ಯಕ್ಕೂ ಕೊರಳಪಟ್ಟಿ ಬೇಕಾಗುತ್ತದೆ. ಕರಿಯ ಮಾತ್ರ ಅಷ್ಟುಹೊತ್ತಿಗೆ ಬೇವಿನ ಬುಡದಲ್ಲಿ ಬ್ರೂನೋವಿನ ಪಕ್ಕದಲ್ಲಿಯೇ ಮಣ್ಣು ಕೆದರಿ, ತಂಪಾದ ಒಂದು ಗುಂಡಿಯನ್ನು ತೋಡುವ ವಿದ್ಯೆಯನ್ನು ಆ ಪರದೇಶಿಗೆ ಕಲಿಸಿಯಾಗಿತ್ತು.

ಏಕೆಂದರೆ ಶ್ವಾನವತ್ಸಲರು ಕಟ್ಟಕಡೆಗೆ ಬೇವಿನ ಬುಡದ ಬೆಂಚನ್ನೇ ಒಪ್ಪಿಕೊಂಡಿದ್ದರು. ಅಲ್ಲಿ ಗಾಳಿ ಚೆನ್ನಾಗಿ ಬೀಸುತ್ತದೆ. ಆದುದರಿಂದ ಒಬ್ಬೊಬ್ಬರಾಗಿ ಗಿರಾಕಿಗಳೆಲ್ಲ ಅಲ್ಲಿಗೇ ಬಂದು ಕುಳಿತುಕೊಳ್ಳತೊಡಗಿದರು, ಒಳಗಿನ ಬೆಂಚುಗಳು ಬರಿದಾದವು, ಅಜ್ಜ ಇನ್ನೆರಡು ಬೆಂಚುಗಳನ್ನು ಹೊರಗೆ ಹಾಕಿಸಿದ. ಈಗ ಮಳೆಗಾಲದ ಚಿಂತೆಯಿಂದ ಅದಕ್ಕೊಂದು ತಗಡು ಹೊದಿಸಿ, ಎರಡು ಕಡೆ ಗೋಡೆ ಎಬ್ಬಿಸಬೇಕೆಂದು ನಿಶ್ಚಯಿಸಿದ್ದಾನೆ. ಗೋಡೆ ಬಂದ ಮೇಲೆ ಆ ಸ್ಥಳ ಒಳಗೋ ಹೊರಗೋ, ಬ್ರೂನೋವಿನ ಈಗಿನ ಹಕ್ಕು ಅಬಾಧಿತವೋ ಅಲ್ಲವೋ ಎಂಬ ಪ್ರಶ್ನೆಯನ್ನು ಶ್ವಾನವತ್ಸಲರು ಲಿಖಿತವಾಗಿ ಅಜ್ಜನ ಮುಂದಿಟ್ಟಿದ್ದಾರೆ. ಅಜ್ಜ ಆ ಕಾಗದವನ್ನು ತಿರುವಿ ಹಿಂಬದಿಯಲ್ಲಿ ಒಂದು ಲೆಕ್ಕ ಬರೆದು ಮರಳಿಸಿದ: ಲೋಟ ಎರಡು, ಮಿರ್ಚಿ ಒಂದು, ಉಳ್ಳಾಗಡ್ಡಿ ಇಲ್ಲದ ಒಗ್ಗರಣೆ ಇಂದಿನವರೆಗೆ. "ಮೊದಲ ನಾಯಿದು ಬಾಕಿ ತೀರಸ್ರಿ ಸಾಹೇಬ್ರ. ಒಳಗ ಹೊರಗ ಆಮ್ಯಾಲ ನೋಡೂಣು."