ಜಿಲೇಬಿ, ಎರಡು ರೌಂಡ್

ನಡೆಯಬೇಕು ಅಂತ ಡಾಕ್ಟರು ಹೇಳಿದರು. ಐವತ್ತು ದಾಟಿ ಸಕ್ಕರೆ ಕಾಯಿಲೆ ಹತ್ತಿದ ಗಂಡಸಿಗೆ ಈ ಊರಿನ ಡಾಕ್ಟರುಗಳೆಲ್ಲ ಅದನ್ನೇ ಹೇಳುತ್ತಾರೆ. ಹೇಳಿ ತಾವು ಕಾರು ಹತ್ತಿ ಮನೆಗೆ ಹೋಗುತ್ತಾರೆ. ನನ್ನ ಕಷ್ಟವೇ ಬೇರೆ. ಪಾರ್ಕಿನಲ್ಲಿ ಸುತ್ತು ಹಾಕುವುದು ನನ್ನಿಂದಾಗದು. ಹೊರಟ ಜಾಗಕ್ಕೇ ವಾಪಸ್ ಬರುವುದಾದರೆ ಹೋಗುವುದಾದರೂ ಯಾಕೆ ಎಂಬ ವೇದಾಂತ ಮೊದಲ ಸುತ್ತಿಗೇ ಹುಟ್ಟಿ, ಎರಡನೇ ಸುತ್ತಿಗೆ ಕಲ್ಲುಬೆಂಚು ಕಣ್ಣಿಗೆ ಬೀಳುತ್ತದೆ. ಅಲ್ಲಿ ನನ್ನಂಥ ವೇದಾಂತಿಗಳು ಆಗಲೇ ಸೇರಿ ಸರ್ಕಾರ ಬೀಳಿಸುತ್ತಿರುತ್ತಾರೆ. ಹೀಗಾಗಿ ನನ್ನ ವಾಕಿಂಗು ಬಹುಪಾಲು ಕೂತೇ ನಡೆಯುತ್ತಿತ್ತು.

ಇದಕ್ಕೆ ಮಗಳು ಕಂಡುಹಿಡಿದ ಮದ್ದು ನಾಯಿ. ಮನೆಗೆ ನಾಯಿ ತರುವುದಲ್ಲ. ಆ ಮಾತೆತ್ತಿದರೆ ನನ್ನಾಕೆ ನಾಯಿಯನ್ನು ಒಳಗಿಟ್ಟು ನನ್ನನ್ನು ಹೊರಗಿಟ್ಟಾಳು. ಊರಾಚೆಯ ಒಂದು ಪ್ರಾಣಿಧಾಮದಲ್ಲಿ ಭಾನುವಾರ ಬೆಳಿಗ್ಗೆ ನಾಯಿಗಳನ್ನು ಅಡ್ಡಾಡಿಸಲು ಸ್ವಯಂಸೇವಕರು ಬೇಕಿದ್ದರಂತೆ. ನನ್ನನ್ನು ಕೇಳದೆಯೇ ಹೆಸರು ಕೊಟ್ಟು ಬಂದಳು. ಕೇಳಿದ್ದಕ್ಕೆ, “ಅಪ್ಪಾ, ‘777 ಚಾರ್ಲಿ’ ನೋಡುವಾಗ ನನ್ನ ದುಪಟ್ಟಾಕ್ಕೆಲ್ಲ ಮೂಗು ಒರೆಸಿದ್ಯಲ್ಲ, ಆ ಪ್ರೀತಿ ಸ್ವಲ್ಪ ಉಪಯೋಗಕ್ಕೆ ಬರಲಿ” ಅಂದಳು. ಥಿಯೇಟರಿನ ಕತ್ತಲಲ್ಲಿ ಅತ್ತದ್ದಕ್ಕೂ ಸಾಕ್ಷಿ ಇರುತ್ತದೆ ಎಂದು ಯಾರಿಗೆ ಗೊತ್ತಿತ್ತು?

ಫಾರಂ ಬಂತು. ನಾನು ವಿಮಾ ಕಂಪನಿಯ ಕ್ಲೇಮು ವಿಭಾಗದಲ್ಲಿ ಕೂದಲು ಉದುರಿಸಿಕೊಂಡವನು. ಕಾಲು ಮುರಿದುಕೊಂಡು, ಕಾರು ಜಖಂ ಮಾಡಿಕೊಂಡು ಬಂದವರಿಗೆ ಪಾಲಿಸಿಯ ಕೊನೇ ಪುಟದ ಸಣ್ಣ ಅಕ್ಷರ ತೋರಿಸಿ ವಾಪಸ್ ಕಳಿಸುವುದೇ ನನ್ನ ಅನ್ನ. ಅಂಥವನ ಕೈಗೆ ಈ ಫಾರಂ: ನಾಯಿ ಕಚ್ಚಿದರೆ, ಪರಚಿದರೆ, ಎಳೆದು ಬೀಳಿಸಿದರೆ, ಬಟ್ಟೆ ಹರಿದರೆ, ಯಾವುದಕ್ಕೂ ಸಂಸ್ಥೆ ಹೊಣೆಯಲ್ಲ. ಓದಿ ನನಗೆ ವೃತ್ತಿಗೌರವದಿಂದ ಗಂಟಲು ಕಟ್ಟಿತು. ಒಂದು ಸಂದು ಬಿಟ್ಟಿರಲಿಲ್ಲ ಪುಣ್ಯಾತ್ಮರು. ‘ನಾಯಿಗಳ ಒಡನಾಟದ ಅನುಭವ’ ಎಂಬಲ್ಲಿ ಏನು ಬರೆಯುವುದೆಂದು ತೋಚದೆ, ಸ್ಕೂಟರಿನ ಹಿಂದೆ ನಾಯಿಗಳು ಓಡಿಬಂದದ್ದನ್ನೆಲ್ಲ ಲೆಕ್ಕಕ್ಕೆ ಹಿಡಿದು ‘ದೀರ್ಘಕಾಲದ ಅನುಭವ’ ಎಂದು ತುಂಬಿದೆ.

ಮನೆಯಲ್ಲಿ ಸುದ್ದಿ ತಿಳಿದು ಸಭೆ ಸೇರಿತು. ನನ್ನಾಕೆ ಮುಧೋಳದ ಕಡೆಯವಳು. “ಏನ್ರೀ, ಹಾಲಿನ ಪಾಕೀಟ್ ತರ್ರಿ ಅಂದ್ರ ಮೊಣಕಾಲ ನೋವು ಅಂತೀರಿ. ಈಗ ಮಂದಿ ನಾಯಿ ತಿರಗ್ಯಾಡಸಾಕ ಹೊಂಟೀರೇನು?” ಎಂದಳು. ನಾನು ಧರ್ಮರಾಯನನ್ನು ಮುಂದೆ ಬಿಟ್ಟೆ. ಮಹಾಪ್ರಸ್ಥಾನದಲ್ಲಿ ಕೊನೆಯವರೆಗೂ ಜೊತೆ ಬಂದದ್ದು ನಾಯಿ, ಅದಕ್ಕೆ ಪ್ರವೇಶವಿಲ್ಲದ ಸ್ವರ್ಗವೇ ಬೇಡವೆಂದ ಮಹಾನುಭಾವ, ಇತ್ಯಾದಿ. ಅವಳು ಕೊತ್ತಂಬರಿ ಸೋಸುತ್ತಲೇ ಕೇಳಿದಳು: “ದಾರ್ಯಾಗ ಮೊದಲ ಬಿದ್ದಾಕಿ ಯಾರು? ದ್ರೌಪದಿ. ತಿರುಗಿ ನೋಡಿದ್ನೇನು ನಿಮ್ಮ ಧರ್ಮರಾಯ?” ಪುರಾಣವನ್ನು ಅರ್ಧ ಓದಿದವರು ಪೂರ್ತಿ ಓದಿದವರ ಎದುರು ಬಾಯಿಬಿಡಬಾರದು.

ಅಷ್ಟು ಹೊತ್ತಿಗೆ ಅತ್ತೆ ಹೊಕ್ಕಳ ಹತ್ತಿರ ಕೈಯಿಟ್ಟುಕೊಂಡಿದ್ದರು. “ನಮ್ಮಪ್ಪಗ ಹುಚ್ಚನಾಯಿ ಕಡದಾಗ ಹದಿನಾಲ್ಕು ಸೂಜಿ ಮಾಡಿದ್ರು, ಇಲ್ಲಿಂದ ಇಲ್ಲೀಮಟ” ಎಂದು ಸೀರೆಯ ಮೇಲೇ ಬೆರಳಿನಿಂದ ವೃತ್ತ ಎಳೆದು ತೋರಿಸಿದರು. ನಮ್ಮ ಕಾಲದ ಮಕ್ಕಳಿಗೆಲ್ಲ ನಾಯಿಗಿಂತ ಆ ಹದಿನಾಲ್ಕರ ಭಯವೇ ಹೆಚ್ಚಿತ್ತು. ಮಗಳು ಸಮಾಧಾನ ಹೇಳಿದಳು: ಅದು ಕುರಿಯ ಮೆದುಳಿನಿಂದ ಮಾಡುತ್ತಿದ್ದ ಹಳೇ ಲಸಿಕೆ, ಅದನ್ನು ನಮ್ಮ ದೇಶದಲ್ಲಿ ನಿಲ್ಲಿಸಿಯೇ 20 ವರ್ಷವಾಯಿತು, ಈಗ ತೋಳಿಗೆ ಕೊಡುತ್ತಾರೆ, ನಾಯಿಗಳ ನಡುವೆ ಕೆಲಸ ಮಾಡುವವರು ಕಚ್ಚಿಸಿಕೊಳ್ಳುವ ಮೊದಲೇ ಮೂರು ಹಾಕಿಸಿಕೊಳ್ಳುತ್ತಾರೆ, ಕಚ್ಚಿದರೆ ಗಾಯವನ್ನು ಸೋಪು ಹಾಕಿ 15 ನಿಮಿಷ ತೊಳೆದು ಮತ್ತೆ ಆಸ್ಪತ್ರೆಗೆ ಹೋಗಬೇಕು. “ಕುರಿ ಮೆದುಳು ಬಂದ್ ಮಾಡ್ಯಾರ?” ಎಂದಳು ನನ್ನಾಕೆ. “ನಿಮಗ ಲುಕ್ಸಾನ ಆತು ಬಿಡ್ರಿ. ಒಂದೀಟು ಒಳಗ ಹೋಗಿದ್ರ ಛಲೋ ಇತ್ತು.”

ಇದಿಷ್ಟೇ ಆಗಿದ್ದರೆ ನುಂಗಿಕೊಳ್ಳುತ್ತಿದ್ದೆ. ಆದರೆ ಅವಳು ತವರನ್ನು ಎತ್ತಿದಳು. ನಾಯಿ ಅಂದರೆ ಮುಧೋಳದ್ದಂತೆ. ಅದರ ಸೊಂಟ, ಅದರ ಓಟ, ಮಹಾರಾಜರ ಮನೆತನವೇ ಸಾಕಿ ಬೆಳೆಸಿದ ತಳಿ, 2005ರಲ್ಲಿ ಅಂಚೆಚೀಟಿ ಬಂದದ್ದು, ಸೈನ್ಯದವರು ಮೀರತ್‌ಗೆ ಮರಿ ಒಯ್ದು ತರಬೇತಿ ಕೊಟ್ಟದ್ದು. ನಾನು ಮದ್ದೂರು ಸೀಮೆಯವನು. ಸುಮ್ಮನಿರಲಾದೀತೆ? ನಮ್ಮ ತಾಲ್ಲೂಕಿನ ಆತಕೂರಿನಲ್ಲಿ ಕ್ರಿ.ಶ. 950ರ ಸುಮಾರಿಗೇ ನಾಯಿಗೆ ವೀರಗಲ್ಲು ನಿಲ್ಲಿಸಿದ್ದಾರೆ. ಗಂಗರ ಬೂತುಗ ತಕ್ಕೋಲದ ಯುದ್ಧದಲ್ಲಿ ಮೆರೆದ ಮಣಲೇರನಿಗೆ ಏನು ಬೇಕು ಕೇಳು ಅಂದರೆ, ಆ ಮನುಷ್ಯ ಹೊಲ ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ‘ಕಾಳಿ’ ಎಂಬ ನಾಯಿಯನ್ನು ಕೇಳಿ ಪಡೆದ. ಕಾಳಿ ದೊಡ್ಡದೊಂದು ಕಾಡುಹಂದಿಯೊಡನೆ ಕಾದಾಡಿ, ಎರಡೂ ಸತ್ತವು. ಆ ಕಲ್ಲಿಗೆ ಪೂಜೆ ಮಾಡದೆ ಗೊರವ ಊಟ ಮಾಡಿದರೆ ಪಾಪವೆಂದು ಶಾಸನದಲ್ಲೇ ಕೊರೆಸಿದ್ದಾರೆ. ಕಲ್ಲು ಈಗಲೂ ಬೆಂಗಳೂರಿನ ಕಸ್ತೂರಬಾ ರಸ್ತೆಯ ಮ್ಯೂಸಿಯಮ್ಮಿನಲ್ಲಿದೆ, ಬೇಕಾದರೆ ನೋಡಿಕೊಂಡು ಬಾ. ಅಂಚೆಚೀಟಿಗೆ ಎಂಜಲು ಹಚ್ಚಿ ಅಂಟಿಸುತ್ತಾರೆ, ಕಲ್ಲಿಗೆ ಕೈಮುಗಿಯುತ್ತಾರೆ!

ಅವಳು ಪೂರ್ತಿ ಕೇಳಿಸಿಕೊಂಡಳು. “ನಿಮ್ಮೂರ ನಾಯಿ ಹಂದಿಗೆ ಅಂಜಲಿಲ್ಲ. ನೀವು ಜಿರಳಿ ಕಂಡ್ರ ಸ್ಟೂಲ್ ಹತ್ತತೀರಿ.”

ಹೀಗೆ ಆತಕೂರಿನ ಮರ್ಯಾದೆ ಹೊತ್ತುಕೊಂಡು ನಾನು ಪ್ರಾಣಿಧಾಮ ತಲುಪಿದೆ. ಮನಸ್ಸಿನಲ್ಲಿ ಒಂದು ಚಿತ್ರವಿತ್ತು: ಮೊಣಕಾಲೆತ್ತರದ ಅಲ್ಸೇಷಿಯನ್, ಬಿಗಿ ಹಿಡಿತದ ಚರ್ಮದ ಪಟ್ಟಿ, ದಾರಿ ಬಿಡುವ ಜನ. ಅಲ್ಲಿನ ಉಸ್ತುವಾರಿ ನನ್ನ ಮಗಳ ವಯಸ್ಸಿನ ಹುಡುಗಿ. ನನ್ನನ್ನು ತಲೆಯಿಂದ ಕಾಲವರೆಗೆ ನೋಡಿ ಕೈಗೆ ಹಸಿರು ಪಟ್ಟಿ ಕಟ್ಟಿದಳು. ಹಸಿರು ಅಂದರೆ ಹೊಸಬರು. ಸಾಧು ನಾಯಿಗಳನ್ನು ಮಾತ್ರ ಮುಟ್ಟಬಹುದು. ಹಳದಿ ಅಂದರೆ ಪಳಗಿದವರು. ಕೆಂಪು ಅಲ್ಲಿನ ನೌಕರರಿಗೆ ಮಾತ್ರ. ಸೈಬೀರಿಯಾದ ಹಿಮಕ್ಕೆಂದು ಹುಟ್ಟಿದ ಹಸ್ಕಿಗಳನ್ನು ಎರಡು ಬೆಡ್‌ರೂಮಿನ ಫ್ಲಾಟಿಗೆ ತಂದು, ಕೂದಲು ಉದುರುತ್ತದೆಂದು ಬಿಟ್ಟುಹೋದವರ ನಾಯಿಗಳು ಹಳದಿ ಸಾಲಿನಲ್ಲಿದ್ದವು. ಬಿಟ್ಟುಹೋದವರಿಗೆ ಯಾವ ಬಣ್ಣವೋ ಹೇಳಲಿಲ್ಲ.

ನನಗೆ ಸಿಕ್ಕಿದ್ದು ಜಿಲೇಬಿ. ಕಂದು ಬಣ್ಣದ ಬೀದಿನಾಯಿ. ಬಾಲ ಬೆನ್ನ ಮೇಲೆ ಒಂದೂವರೆ ಸುತ್ತು ಸುತ್ತಿರುವುದೇ ಹೆಸರಿಗೆ ಕಾರಣ. ಅಕ್ಕಪಕ್ಕದ ಗೂಡುಗಳಲ್ಲಿ ಲಡ್ಡು, ಪೇಡಾ, ಮೈಸೂರ್‌ಪಾಕು. ನಾಮಕರಣದ ದಿನ ಎಲ್ಲರಿಗೂ ಹಸಿವಾಗಿತ್ತೆಂದು ಕಾಣುತ್ತದೆ. ಜಿಲೇಬಿಯ ಕಿವಿಯ ತುದಿ ಚಿವುಟಿದ ಹಾಗೆ ಕತ್ತರಿಸಿತ್ತು. ಯಾವುದೋ ಜಗಳದ ಗುರುತೆಂದುಕೊಂಡೆ. ಅಲ್ಲ, ಸಂತಾನಹರಣ ಆಗಿದೆ ಎಂಬುದಕ್ಕೆ ಅದೇ ಗುರುತಂತೆ. ಆಪರೇಷನ್ ಮಾಡಿ, ರೇಬೀಸ್ ಲಸಿಕೆ ಹಾಕಿ, ಹಿಡಿದ ಬೀದಿಗೇ ವಾಪಸ್ ಬಿಡಬೇಕೆಂಬುದು 2023ರ ನಿಯಮ. ಜಿಲೇಬಿಯನ್ನೂ ಬಿಟ್ಟಿದ್ದರು. ಆಮೇಲೆ ಯಾವುದೋ ವಾಹನ ಹಿಂಗಾಲಿನ ಮೇಲೆ ಹಾದುಹೋಗಿ, ಬೀದಿಯಲ್ಲಿ ಬದುಕಲಾರದೆಂದು ಇಲ್ಲೇ ಉಳಿದುಕೊಂಡಿತು. ಕುಂಟು ನಾಯಿ, ಮುದಿ ಮನುಷ್ಯ, ಜೋಡಿ ಸರಿಯಾಗಿದೆ ಎಂದು ಆ ಹುಡುಗಿ ಬಾಯಿಬಿಟ್ಟು ಹೇಳಲಿಲ್ಲ.

ಪಾಠ ಶುರುವಾಯಿತು. ನಾಯಿಯ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು. ಎದುರಿಗೆ ನಿಲ್ಲದೆ ಓರೆಯಾಗಿ ನಿಂತು, ಅದೇ ಬಂದು ಮೂಸಲು ಬಿಡಬೇಕು. ಪಟ್ಟಿಗೂ ಮೈಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗವಿರಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು, ನಾಯಿ ಎಳೆದರೆ ಮಣಿಕಟ್ಟು ಹೋಗುತ್ತದೆ. ಒಳಗಿನ ಗೇಟು ಮುಚ್ಚದೆ ಹೊರಗಿನ ಗೇಟು ತೆಗೆಯಬಾರದು. ಇನ್ನು ಎದೆಪಟ್ಟಿ ಹಾಕುವುದು. ಅದರಲ್ಲಿ ತಲೆಗೊಂದು ತೂತು, ಮುಂಗಾಲಿಗೊಂದು ತೂತು, ಏಕೆಂದು ತಿಳಿಯದ ಇನ್ನೊಂದು ತೂತು. ನಾನು ತಲೆಯ ತೂತಿಗೆ ಕಾಲು ತೂರಿಸುತ್ತಿದ್ದಾಗ ಜಿಲೇಬಿ ನನ್ನ ಅವಸ್ಥೆ ನೋಡಲಾರದೆ ಮುಖ ತಿರುಗಿಸಿತು. ಆಮೇಲೆ ತಾನೇ ತಲೆ ತಂದು ಸರಿಯಾದ ತೂತಿಗೆ ಇಟ್ಟು, ಬಲಗಾಲೆತ್ತಿ ಕೊಟ್ಟಿತು. ನನ್ನಂಥವರನ್ನು ಎಷ್ಟು ಜನರನ್ನು ಕಂಡಿತ್ತೋ!

ಮೂರೇ ಕಾಲಿನ ಬಲ ಎಂದು ತಿಳಿದದ್ದು ಗೇಟು ದಾಟುವವರೆಗೆ. ಆಮೇಲೆ ಯಾರು ಯಾರನ್ನು ವಾಕಿಂಗಿಗೆ ಕರೆದೊಯ್ದರು ಎಂಬುದನ್ನು ನೋಡಿದವರೇ ಹೇಳಬೇಕು. ಇನ್ನೊಂದು ಸಂಗತಿ, ನಾಯಿಗೆ ವಾಕಿಂಗ್ ಅಂದರೆ ನಡೆಯುವುದಲ್ಲ, ಮೂಸುವುದು. ಒಂದು ವಿದ್ಯುತ್ ಕಂಬದ ಬುಡವನ್ನು ಜಿಲೇಬಿ ನಾನು ಕ್ಲೇಮು ಫೈಲು ಓದುವುದಕ್ಕಿಂತ ಶ್ರದ್ಧೆಯಿಂದ ಓದುತ್ತದೆ. ಒಂದು ಕಡೆ ಸಂಶಯ ಬಂದರೆ ಹಿಂದೆ ಹೋಗಿ ಮತ್ತೆ ಓದುತ್ತದೆ, ಕೊನೆಗೆ ಷರಾ ಬರೆಯುತ್ತದೆ. ಈ ವಿರಾಮಗಳಲ್ಲಿ ನನಗೂ ಉಸಿರು ಸಿಗುತ್ತಿದ್ದುದರಿಂದ ನಾನು ತಕರಾರು ಮಾಡಲಿಲ್ಲ. ತೊಂದರೆ ಆ ಬೀದಿಯ ಖಾಯಂ ನಾಯಿಗಳದ್ದು. ಪರವೂರ ವಾಸನೆ ಹತ್ತಿದೊಡನೆ ಸಾಲಾಗಿ ಎದ್ದು ನಿಲ್ಲುತ್ತವೆ. ಆಗ ನಿಂತ ಕಾರೊಂದನ್ನು ನಡುವೆ ಬಿಟ್ಟುಕೊಂಡು ರಸ್ತೆಯ ಆಚೆ ಬದಿಗೆ ದಾಟಬೇಕು, ನಾಯಿಯನ್ನು ನಮ್ಮ ಹಿಂದೆ ಇಟ್ಟುಕೊಳ್ಳಬೇಕು ಎಂದು ಪಾಠವಾಗಿತ್ತು. ಕಾರೇನೋ ಸಿಕ್ಕಿತು. ಹಿಂದೆ ಇದ್ದವನು ನಾನು. ಜಿಲೇಬಿ ಒಂದೇ ಸಲ ಗುರ್ ಅಂದದ್ದಕ್ಕೆ ಬೀದಿ ತೆರವಾಯಿತು. ಆತಕೂರಿನ ಮರ್ಯಾದೆ ಉಳಿಯಿತು, ನನ್ನಿಂದಲ್ಲ ಅಷ್ಟೆ.

ಅದು ಕುಕ್ಕರುಗಾಲಿನಲ್ಲಿ ಕೂತು ಗಂಭೀರವಾದಾಗ ನನ್ನ ಸರದಿ. ಪ್ಲಾಸ್ಟಿಕ್ ಚೀಲವನ್ನು ಕೈಗವಸಿನಂತೆ ತೊಟ್ಟು, ಎತ್ತಿ, ತಿರುವಿ, ಗಂಟು ಹಾಕಬೇಕು. ಬಿಸಿ ಅಂಗೈಗೆ ತಾಗುತ್ತದೆ, ಅದನ್ನು ಯಾವ ಪಾಠದಲ್ಲೂ ಹೇಳಿರಲಿಲ್ಲ. ಬಗ್ಗಿದವನು ಏಳುವಾಗ ಎದುರಿಗೆ ಒಂದು ಸ್ಕೂಟರ್ ನಿಂತಿತ್ತು. ಯಾವಾಗಲೋ ನಾನೇ ತಿರಸ್ಕರಿಸಿದ ಒಂದು ಕ್ಲೇಮಿನ ಅರ್ಜಿದಾರ. “ಸಾರ್, ತಾವಾ?” ಅಂದ. ಕೈಯಲ್ಲಿದ್ದ ಚೀಲ ನೋಡಿದ. ನಾಯಿ ನೋಡಿದ. ಮುಖದ ಮೇಲೆ ದೇವರಿದ್ದಾನೆ ಎಂಬ ನೆಮ್ಮದಿ ಹರಡಿತು. “ಫೋಟೋ ಒಂದು ತಗೊಳ್ಳಲಾ ಸಾರ್, ನಮ್ಮ ಮನೆಯವಳು ನಂಬೋದಿಲ್ಲ” ಅಂದ. ಕೊಟ್ಟೆ. ಆ ಕ್ಲೇಮು ಹಾಗೆ ಸೆಟ್ಲ್ ಆಯಿತು.

ಆದರೂ ಹೋಗುತ್ತಲೇ ಇದ್ದೆ. ಮನೆಯಲ್ಲಿ ನಾನು ಬಂದರೆ ಯಾರೂ ಬಾಲ ಅಲ್ಲಾಡಿಸುವುದಿಲ್ಲ ಎಂಬುದು ಒಂದು ಕಾರಣ. ಇನ್ನೊಂದನ್ನು ಆಮೇಲೆ ಹೇಳುತ್ತೇನೆ. ಒಂದು ಶನಿವಾರ ರಾತ್ರಿ ಉಸ್ತುವಾರಿ ಹುಡುಗಿಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದೆ. “ಜಿಲೇಬಿ ಎರಡು ರೌಂಡ್ ಆದರೂ ನನಗೆ ಸಾಕಾಗಲ್ಲಮ್ಮ, ನಾಳೆ ಮೈಸೂರ್‌ಪಾಕೂ ಕೊಡಿ. ಮನೇಲಿ ಯಾರಿಗೂ ಹೇಳೋದು ಬೇಡ, ಬೇಡ ಅಂತಾರೆ.” ತಿರುಗಿ ನೋಡಿದರೆ ಹಿಂದೆ ನನ್ನಾಕೆ, ಕೈಯಲ್ಲಿ ಲ್ಯಾಬಿನ ಲಕೋಟೆ. ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆಯ ವರದಿ. ಇಷ್ಟು ವಾಕಿಂಗ್ ಮಾಡಿದ ಮೇಲೂ ಅಂಕಿ ಇಳಿಯುವ ಬದಲು ಒಂದು ಗೆರೆ ಮೇಲೇ ಹತ್ತಿತ್ತು. “ಹಂಗಾರ ನಾಯಿ ಅಂತ ಹೇಳಿ ಮಿಠಾಯಿ ಅಂಗಡಿಗೆ ಹೊಂಟೀರಿ!”

ಜಿಲೇಬಿಗೆ ಬಾಲವಿದೆ, ಮೈಸೂರ್‌ಪಾಕಿಗೆ ಉಣ್ಣಿ ಹತ್ತಿದೆ ಎಂದು ಎಷ್ಟು ಹೇಳಿದರೂ ನಂಬದೆ ಮರುದಿನ ಜೊತೆಗೇ ಹೊರಟಳು. ಗೂಡುಗಳ ನಡುವೆ ಕಾಲಿಟ್ಟಾಗ ಎಂದಿನಂತೆ ಕಿವಿ ಕಿವುಡಾಗುವಷ್ಟು ಬೊಗಳಾಟ. ನನ್ನಾಕೆ ಸೆರಗು ಸಿಕ್ಕಿಸಿಕೊಂಡು ಒಂದೇ ಮಾತು ಅಂದಳು: “ಏ! ಸುಮ್ಮಕಿರ್ರಿ!” ಹಸ್ಕಿಗಳು ಕೂಡ ಬಾಯಿ ಮುಚ್ಚಿದವು. ಹಳದಿ ಸಾಲಿನಲ್ಲಿ ಉದ್ದ ಮೂತಿಯ ತೆಳು ನಾಯಿಯೊಂದು ಎದ್ದು ಬಂದು ಅವಳ ಕೈ ಮೂಸಿತು. “ಅಯ್ಯ, ಇದು ನಮ್ಮ ಕಡೀದು!” ಎಂದು ಅವಳು ಕೂತೇಬಿಟ್ಟಳು. ಎದೆಪಟ್ಟಿಯನ್ನು ರವಿಕೆ ತೊಡಿಸುವ ಸಲೀಸಿನಲ್ಲಿ ಹಾಕಿದಳು. ಉಸ್ತುವಾರಿ ಹುಡುಗಿ ಏನೂ ಕೇಳದೆ, ಫಾರಂ ಕೂಡ ಆಮೇಲೆ ತುಂಬಿಸಿಕೊಂಡರಾಯಿತೆಂದು, ಅವಳ ಕೈಗೆ ಹಳದಿ ಪಟ್ಟಿ ಕಟ್ಟಿದಳು. ನನ್ನದು ಹಸಿರೇ. ಅವತ್ತು ಮುಧೋಳ ಮುಂದೆ, ಜಿಲೇಬಿ ಅದರ ಹಿಂದೆ, ಚೀಲಗಳ ಕಂತೆ ಹಿಡಿದು ನಾನು ಎಲ್ಲರ ಹಿಂದೆ.

ವಾಪಸ್ ಬರುವಾಗ ದಾರಿಯಲ್ಲಿ ಒಂದು ದರ್ಶಿನಿ ಇದೆ. ಬೇಡವೆಂದು ನಾನು ಎಷ್ಟು ಹೇಳಿದರೂ ಕೇಳದೆ, ಕಾಫಿ ಕುಡಿಯೋಣ ಎಂದು ಅವಳೇ ನಿಲ್ಲಿಸಿದಳು. ಕೌಂಟರಿನ ಹುಡುಗನಿಗೆ ಕಣ್ಸನ್ನೆ ಮಾಡಿದೆ. ಅವನು ಅದನ್ನು ಅವಸರವೆಂದು ತಿಳಿದ. “ಬನ್ನಿ ಸಾರ್, ಬನ್ನಿ! ಮಾಮೂಲಿ ಅಲ್ವಾ? ಕೇಸರಿಬಾತ್, ತುಪ್ಪ ಜಾಸ್ತಿ!”

ನನ್ನಾಕೆ ನನ್ನನ್ನು ನೋಡಲಿಲ್ಲ. ಕಣ್ಣಲ್ಲಿ ಕಣ್ಣಿಡಬಾರದೆಂಬ ಪಾಠ ಅವಳಿಗೆ ಆಗಲೇ ಬಾಯಿಪಾಠ. ಹುಡುಗನ ಕಡೆ ತಿರುಗಿ ಅಂದಳು: “ಕೇಸರಿಬಾತ್ ಒಂದ ಕೊಡಪ್ಪ, ತುಪ್ಪ ಜಾಸ್ತಿನ ಇರಲಿ. ಅದು ನನಗ. ಇವ್ರಿಗೆ ಒಂದು ಲೋಟ ಬಿಸಿನೀರು.”